ಹಾರ್ನ್ ಹೊಡೆಯುವ ಮೊದಲು ಸಲಾಂ ಹೇಳಿ

ಕಳೆದ ತಿಂಗಳ ಒಂದು ಸಂಜೆ. ಕೆಲಸ ಮುಗಿಸಿ ಉಪ್ಪಳದಿಂದ ಬಂದ್ಯೋಡು ಕಡೆಗೆ ಸೈಕಲಿನಲ್ಲಿ ಬರುತ್ತಿದ್ದೆ. ನಯಾಬಜಾರ್ ದಾಟಿದ ಮೇಲೆ ಸರ್ವಿಸ್ ರಸ್ತೆಯಲ್ಲಿ ಹಿಂದಿನಿಂದ ಒಂದು ಕಾರು ಹಾರ್ನ್ ಒತ್ತಿ ಹಿಡಿದೇ ಬಂತು. ಎಡಗಡೆ ಚರಂಡಿಯ ಸ್ಲ್ಯಾಬು, ಎದುರಿನಿಂದ ಆಟೋ. ನಾನು ಸರಿಯುವುದಾದರೂ ಎಲ್ಲಿಗೆ? ಕಾರಿನ ಕನ್ನಡಿ ನನ್ನ ಮೊಣಕೈಗೆ ಸವರಿತು. ಹ್ಯಾಂಡಲ್ ಹೊರಳಿ ಸ್ಲ್ಯಾಬಿನ ಮೇಲೆ ಬಿದ್ದೆ.

ಕಾರು ನಿಂತಿತು. ಗಾಜು ಇಳಿಯಿತು. ಮೊದಲು ಬಂದದ್ದು ಬೈಗುಳ. ಅದನ್ನು ಇಲ್ಲಿ ಬರೆಯುವುದಿಲ್ಲ, ಉಮ್ಮಂದಿರೂ ಓದುತ್ತಾರೆ. ನಾನು ಎದ್ದು ಹೆಲ್ಮೆಟ್ ತೆಗೆದಾಗ ಅವನ ಮುಖ ಬದಲಾಯಿತು. "ಅಲ್ಲಾ, ನೀನಾ? ಅಂಗಡಿಯವರ ಮಗ ಅಲ್ವಾ? ಗೊತ್ತಾಗಲಿಲ್ಲ ಮಾರಾಯ. ಎಂಥ ಸೈಕಲಿನಲ್ಲಿ? ಬೈಕ್ ಮಾರಿದ್ಯಾ? ಏನಾದ್ರೂ ಕಷ್ಟ ಉಂಟಾ?" ಇಳಿದು ಬಂದ, ಸೈಕಲ್ ಎತ್ತಿಕೊಟ್ಟ, ಮೂರು ಸಲ ಕ್ಷಮೆ ಕೇಳಿದ. ಗಲ್ಫಿನಿಂದ ಲೀವಿಗೆ ಬಂದವನು, ನಮ್ಮೂರಿನವನೇ, ನಮ್ಮವನೇ.

ಮೊಣಕೈ ಗಾಯ ವಾರದಲ್ಲಿ ಒಣಗಿತು. ಆ "ಗೊತ್ತಾಗಲಿಲ್ಲ" ಎಂಬ ಮಾತು ಮಾತ್ರ ಇನ್ನೂ ಒಣಗಿಲ್ಲ. ಗೊತ್ತಾಗದಿದ್ದರೆ ಎಂಥ ಮಾಡುತ್ತಿದ್ದ? ಬೈದು ಹೋಗುತ್ತಿದ್ದ. ಅದೇ ರಸ್ತೆಯಲ್ಲಿ ಪ್ರತಿದಿನ ಕಟ್ಟಡದ ಕೆಲಸಕ್ಕೆ ಸೈಕಲಿನಲ್ಲಿ ಹೋಗುವ ಬಂಗಾಳದ, ಬಿಹಾರದ ಹುಡುಗರಿದ್ದಾರೆ. ಅವರು ಹೆಲ್ಮೆಟ್ ತೆಗೆದರೂ ಯಾರಿಗೂ ಗುರುತು ಸಿಗುವುದಿಲ್ಲ. ಅವರು ಯಾವ ಅಂಗಡಿಯವರ ಮಕ್ಕಳೂ ಅಲ್ಲ. ಹಾಗಾದರೆ ನಮ್ಮ ರಸ್ತೆಯಲ್ಲಿ ಕ್ಷಮೆ ಸಿಗುವುದು ಮನುಷ್ಯನಿಗಲ್ಲ, ಪರಿಚಯಕ್ಕೆ.

ಮನೆಗೆ ಬಂದು ಉಪ್ಪನಿಗೆ ಹೇಳಿದೆ. ಉಪ್ಪ ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ ಹೇಳಿದರು: "ಅವರ ಮನೆಯವರು ನಮ್ಮ ಗಿರಾಕಿಗಳು. ಬಿಟ್ಟುಬಿಡು ಮೋನೆ." ಅಂಗಡಿ ನಡೆಸುವವರ ಕಷ್ಟ ನನಗೆ ಗೊತ್ತು, ಅದರ ಅನ್ನವನ್ನೇ ಉಂಡು ದೊಡ್ಡವನಾದೆ. ಆದರೆ ಹೀಗೆ ಎಲ್ಲರೂ ಬಿಟ್ಟುಬಿಟ್ಟೇ ರಸ್ತೆ ಈ ಹಂತಕ್ಕೆ ಬಂದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ಹುಡುಗನ ಹೆಸರು ಬೇಡ. ಅವನು ಒಬ್ಬನಲ್ಲ.

ಸೈಕಲ್ ಅಂದರೆ ನಮಗೆ ಇಷ್ಟು ತಾತ್ಸಾರ ಯಾವಾಗ ಬಂತು? ಬ್ಯಾರಿಗಳ ಎಷ್ಟು ಮನೆಗಳ ಅಡಿಪಾಯಕ್ಕೆ ಸೈಕಲಿನ ಹಣ ಬಿದ್ದಿಲ್ಲ? ಬೆಳಗ್ಗೆ ಕಡಪ್ಪುರದಿಂದ ಮೀನು ಹೇರಿಕೊಂಡು, ಪೋಂ ಪೋಂ ಹಾರ್ನ್ ಒತ್ತುತ್ತಾ ಗುಡ್ಡ ಹತ್ತಿ ಪೈವಳಿಕೆ, ಬಾಯಾರು ಕಡೆಗೆ ಹೋದವರು ಯಾರು? ಮನೆಮನೆಗೆ ಹೋಗಿ ಅಡಿಕೆ, ಗೇರುಬೀಜ, ಕರಿಮೆಣಸು ಕೊಂಡು ಗೋಣಿಯಲ್ಲಿ ಕಟ್ಟಿ ತಂದವರು ಯಾರು? ನನ್ನ ಅಜ್ಜ ಬೆಲ್ಲದ ಮೂಟೆ ತಂದದ್ದು ಸೈಕಲಿನ ಹಿಂದಿನ ಕ್ಯಾರಿಯರಿನಲ್ಲಿ. ಆ ಕ್ಯಾರಿಯರ್ ಇವತ್ತಿಗೂ ನಮ್ಮ ಅಂಗಡಿಯ ಹಿಂದುಗಡೆ ಉಂಟು. ಅದರ ಮೇಲೆ ಉಪ್ಪ ಖಾಲಿ ಎಣ್ಣೆ ಡಬ್ಬ ಇಡುತ್ತಾರೆ.

ಗಲ್ಫಿನ ಕಥೆ ಕೂಡ ಬೇರೆಯಲ್ಲ. ದುಬೈ, ಶಾರ್ಜಾದ ಗ್ರೋಸರಿಗಳಲ್ಲಿ ನಮ್ಮ ಜಿಲ್ಲೆಯ ಎಷ್ಟು ಹುಡುಗರು ಸೈಕಲಿನಲ್ಲಿ ಡೆಲಿವರಿ ಮಾಡಿದ್ದಾರೆ, ಈಗಲೂ ಮಾಡುತ್ತಿದ್ದಾರೆ! ಬಿಸಿಲಿನಲ್ಲಿ ನೀರಿನ ಬಾಟಲಿ, ಕುಬೂಸ್, ಹಾಲು ಹೊತ್ತು ಫ್ಲ್ಯಾಟಿನಿಂದ ಫ್ಲ್ಯಾಟಿಗೆ. ಆ ಸೈಕಲ್ ತುಳಿದ ಹಣದಿಂದ ಮನೆ ಆಯಿತು, ತಂಗಿಯ ಮದುವೆ ಆಯಿತು, ಕೊನೆಗೆ ಕಾರೂ ಬಂತು. ಈಗ ಆ ಕಾರಿನ ಒಳಗೆ ಕೂತು ಸೈಕಲಿನವನಿಗೆ "ಸಾಯಲಿಕ್ಕೆ ಬಂದಿದ್ದೀಯಾ?" ಅಂತ ಕೇಳುತ್ತೇವೆ.

ಅಲ್ಲಿ ಇವರೇ ಎಷ್ಟು ಒಳ್ಳೆಯ ಚಾಲಕರು! ಯುಎಇಯಲ್ಲಿ ಝೀಬ್ರಾ ಕ್ರಾಸಿಂಗಿನಲ್ಲಿ ನಡೆಯುವವರಿಗೆ ದಾರಿ ಬಿಡದಿದ್ದರೆ 500 ದಿರ್ಹಂ ದಂಡ, 6 ಬ್ಲ್ಯಾಕ್ ಪಾಯಿಂಟ್. ಅದು ಗೊತ್ತಿದ್ದ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. ಮಂಗಳೂರು ವಿಮಾನ ನಿಲ್ದಾಣದಲ್ಲಿ ಇಳಿದು ತಲಪಾಡಿ ದಾಟುವಷ್ಟರಲ್ಲಿ ಅದೇ ಕಾಲಿಗೆ ಎಲ್ಲ ಮರೆತುಹೋಗುತ್ತದೆ. ಆದ್ದರಿಂದ "ನಮ್ಮವರಿಗೆ ಗೊತ್ತಿಲ್ಲ" ಎಂಬ ನೆಪ ಬೇಡ. ಚೆನ್ನಾಗಿ ಗೊತ್ತುಂಟು. ಅಲ್ಲಿ ಹೆದರಿಕೆ ಉಂಟು, ಇಲ್ಲಿ ಇಲ್ಲ, ಅಷ್ಟೇ.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಸೈಕಲ್ ಮತ್ತು ನಾನು ಸೇರಿ 80 ಕಿಲೋ ಅಂತ ಇಟ್ಟುಕೊಳ್ಳಿ, ವೇಗ ಗಂಟೆಗೆ 15 ಕಿಲೋಮೀಟರ್. ಕಾರು 1,200 ಕಿಲೋ, ವೇಗ 60. ತೂಕ 15 ಪಾಲು, ವೇಗ 4 ಪಾಲು. ಚಲನೆಯ ಶಕ್ತಿಗೆ ತೂಕವನ್ನು ಹಾಗೆಯೇ ಲೆಕ್ಕ ಹಿಡಿದರೆ ಸಾಕು, ವೇಗವನ್ನು ವರ್ಗ ಮಾಡಬೇಕು. ಅಂದರೆ 15 ಗುಣಿಸು 16, ಒಟ್ಟು 240 ಪಾಲು. ನನ್ನ ಹತ್ತಿರ ಒಂದು ರೂಪಾಯಿ ಇದ್ದರೆ ಅವನ ಹತ್ತಿರ 240 ರೂಪಾಯಿ ಉಂಟು. ಇದು ಇಬ್ಬರ ಜಗಳವೇ ಅಲ್ಲ. ಇಬ್ಬರೂ ತಪ್ಪು ಮಾಡಬಹುದು, ಆದರೆ ಮಯ್ಯತ್ತಾಗುವುದು ಒಬ್ಬನೇ.

ಇನ್ನೊಂದು ಲೆಕ್ಕ. ಜಾಗ ಸಿಗುವವರೆಗೆ ಅವನು 10 ಸೆಕೆಂಡ್ ನನ್ನ ವೇಗದಲ್ಲೇ ಹಿಂದೆ ಬಂದ ಅಂತ ಇಟ್ಟುಕೊಳ್ಳಿ. ಆ 10 ಸೆಕೆಂಡಿನಲ್ಲಿ ದಾಟಿದ ದೂರ ಸುಮಾರು 42 ಮೀಟರ್. 60ರ ವೇಗದಲ್ಲಿ ಅಷ್ಟು ದೂರಕ್ಕೆ ಎರಡೂವರೆ ಸೆಕೆಂಡ್ ಸಾಕು. ಅವನಿಗೆ ಆದ ನಷ್ಟ ಏಳೂವರೆ ಸೆಕೆಂಡ್. ಅಷ್ಟಕ್ಕಾಗಿ ಅವನು ನನ್ನ ಮೊಣಕೈ ಸವರಿದ. ಆಮೇಲೆ ಕ್ಷಮೆ ಕೇಳಲಿಕ್ಕೆ ಐದು ನಿಮಿಷ ನಿಂತ.

ರಸ್ತೆಯದ್ದೂ ದೋಷ ಉಂಟು, ಇಲ್ಲ ಎನ್ನುವುದಿಲ್ಲ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಹೆದ್ದಾರಿ 66 ಷಟ್ಪಥವಾಯಿತು. 45 ಮೀಟರ್ ಅಗಲಕ್ಕೆ ಜಾಗ ಹೋಯಿತು. ಅಂಗಡಿಗಳು ಹೋದವು, ಮನೆಗಳ ಮುಂಭಾಗ ಹೋಯಿತು. ಅಷ್ಟು ಅಗಲದಲ್ಲಿ ಸೈಕಲಿನವನಿಗೆಂದು ಒಂದು ಮೀಟರ್ ಬೇರೆ ಇಡಲಿಲ್ಲ. ಅವನಿಗೆ ಉಳಿದದ್ದು ಸರ್ವಿಸ್ ರಸ್ತೆ. ಅಲ್ಲಿಯೇ ಬಸ್ಸು, ಆಟೋ, ಎದುರು ಬರುವ ಸ್ಕೂಟರು, ಮದ್ರಸಕ್ಕೆ ಹೋಗುವ ಮಕ್ಕಳು. ಇದನ್ನು ಪಂಚಾಯತಿನಲ್ಲಿ ಕೇಳಬೇಕು, ಶಾಸಕರ ಹತ್ತಿರ ಕೇಳಬೇಕು, ಬಿಡಬಾರದು. ಆದರೆ ಕಿರಿದಾದ ರಸ್ತೆಯಲ್ಲಿ ಬೈಗುಳ ಕಡ್ಡಾಯ ಅಂತ ಯಾವ ಇಂಜಿನಿಯರೂ ನಕ್ಷೆಯಲ್ಲಿ ಬರೆದಿಲ್ಲ. ರಸ್ತೆ ಕಿರಿದಾದಷ್ಟೂ ಕಾಲು ಆ್ಯಕ್ಸಿಲರೇಟರಿನಿಂದ ಮೇಲೆ ಬರಬೇಕು.

"ಸೈಕಲಿನವರದ್ದು ತಪ್ಪಿಲ್ವಾ?" ಎಂದು ಕೇಳುವವರಿದ್ದಾರೆ. ಉಂಟು. ರಾತ್ರಿ ಲೈಟಿಲ್ಲದೆ ಬರುತ್ತಾರೆ, ರಾಂಗ್ ಸೈಡಿನಲ್ಲಿ ಬರುತ್ತಾರೆ, ಕಿವಿಗೆ ಇಯರ್ ಫೋನ್ ಸಿಕ್ಕಿಸುತ್ತಾರೆ. ನಾನೂ ಸಾಚಾ ಅಲ್ಲ. ಎರಡು ವರ್ಷದ ಹಿಂದೆ ಹೀಗೇ ಒತ್ತಿದ ಕಾರಿನ ಬಾನೆಟ್ಟಿಗೆ ಕೈಯಿಂದ ಬಡಿದು, ನಡುರಸ್ತೆಯಲ್ಲಿ ಕೂಗಾಡಿದ್ದೆ. ಜನ ಸೇರಿದರು, ಅವನೂ ನಾನೂ ಕಾಲರ್ ಹಿಡಿದೆವು. ಅದರಿಂದ ಒಬ್ಬ ಸೈಕಲಿನವನಿಗೂ ಪ್ರಯೋಜನ ಆಗಲಿಲ್ಲ. ಈಗ ಹಾಗೆ ಮಾಡುವುದಿಲ್ಲ. ಹಿಂದೆ ಕೆಂಪು ಲೈಟ್ ಹಾಕುತ್ತೇನೆ. ಅಂಚಿನಿಂದ ಒಂದು ಕೈಯಳತೆ ಒಳಗೆ, ನೇರ ಗೆರೆಯಲ್ಲಿ ತುಳಿಯುತ್ತೇನೆ. ತೀರಾ ಅಂಚಿಗೆ ಹೋದರೆ ಸಂದಿಯಲ್ಲಿ ನುಗ್ಗಲು ನಾವೇ ಆಸೆ ತೋರಿಸಿದಂತೆ. ಬೈದವನಿಗೆ ಉತ್ತರ ಕೊಡುವುದಿಲ್ಲ, ಕಾರಿನ ನಂಬರ್ ನೋಡಿಕೊಳ್ಳುತ್ತೇನೆ. ಅಪಾಯವಾಗುವಂತೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಉಂಟು. ಅನಗತ್ಯವಾಗಿ ಹಾರ್ನ್ ಹೊಡೆಯುವುದು ಕೂಡ 2019ರ ತಿದ್ದುಪಡಿಯ ಮೇಲೆ ಬೇರೆಯೇ ಅಪರಾಧ. ಕಾಯ್ದೆಯಲ್ಲಿ ಬರೆದ ದಂಡ ಮೊದಲ ಸಲಕ್ಕೆ 1,000 ರೂಪಾಯಿ, ಮತ್ತೆ ಮಾಡಿದರೆ 2,000.

ಆದರೆ ನನ್ನ ತಕರಾರು ಪೊಲೀಸರ ಹತ್ತಿರ ಅಲ್ಲ, ನಮ್ಮ ಮನೆಗಳ ಹತ್ತಿರ.

ಎಂಟನೆಯ ಕ್ಲಾಸಿನ ಹುಡುಗ ಸೈಕಲಿನಲ್ಲಿ ಶಾಲೆಗೆ ಹೋಗುತ್ತಾನೆ. ದಾರಿಯಲ್ಲಿ ದೊಡ್ಡವರೇ ಹಾರ್ನ್ ಹೊಡೆದು ನಗುತ್ತಾರೆ. "ಗಲ್ಫಿನವನ ಮಗ ಸೈಕಲಿನಲ್ಲಾ?" ಅಂತ ಮನೆಗೆ ಬಂದ ನೆಂಟರು ಕೇಳುತ್ತಾರೆ. ಉಮ್ಮನಿಗೆ ನಾಚಿಕೆಯಾಗುತ್ತದೆ. ಮರುವರ್ಷ ಅವನ ಕೈಗೆ ಸ್ಕೂಟರಿನ ಕೀ ಬರುತ್ತದೆ, ಲೈಸೆನ್ಸಿಗೆ ಇನ್ನೂ ಮೂರ್ನಾಲ್ಕು ವರ್ಷ ಬಾಕಿ. ಅವನೇ ನಾಳೆ ಸೈಕಲಿನವನನ್ನು ಚರಂಡಿಗೆ ದೂಡುವವನು. ಹದಿನೆಂಟು ತುಂಬದವನು ಗಾಡಿ ಓಡಿಸಿ ಅಪರಾಧ ಮಾಡಿದರೆ ತಂದೆ ಅಥವಾ ಗಾಡಿಯ ಮಾಲಕನೇ ಹೊಣೆ ಎಂದು ಅದೇ ಕಾಯ್ದೆಯ 199ಎ ಸೆಕ್ಷನ್ ಹೇಳುತ್ತದೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಒಂದು ವರ್ಷ ಗಾಡಿಯ ರಿಜಿಸ್ಟ್ರೇಷನ್ ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ನೆಂಟರ ಒಂದು ಮಾತಿಗೆ ನಾವು ಕೊಡುವ ಬೆಲೆ ಇದು.

ಹಾಲೆಂಡಿನ ಸೈಕಲ್ ರಸ್ತೆಗಳ ವಿಡಿಯೋ ನೋಡಿ "ಅವರೆಲ್ಲ ಬೇರೆ ಜನ" ಅನ್ನುತ್ತೇವೆ. ಬೇರೆಯಲ್ಲ. 1971ರಲ್ಲಿ ಆ ಸಣ್ಣ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಆಗ ತಾಯಿ ತಂದೆಯರು ಬೀದಿಗೆ ಬಂದರು. "ಮಕ್ಕಳ ಕೊಲೆ ನಿಲ್ಲಿಸಿ" ಎಂದೇ ಆ ಚಳವಳಿಯ ಹೆಸರು. ಅವರು ಅದನ್ನು ವಿಧಿ ಎನ್ನಲಿಲ್ಲ, ಕೊಲೆ ಎಂದರು. ನಮ್ಮಲ್ಲಿ ಮಯ್ಯತ್ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿ ಕೂತು "ಖದರ್, ಎಂಥ ಮಾಡುವುದು" ಎನ್ನುತ್ತೇವೆ. ಖದರಿನ ಮೇಲೆ ನನಗೂ ನಂಬಿಕೆ ಉಂಟು. ಆದರೆ ಬ್ರೇಕ್ ಪೆಡಲಿನ ಮೇಲೆ ಇರುವುದು ನಮ್ಮದೇ ಕಾಲು.

ಮದ್ರಸದಲ್ಲಿ ಎಲ್ಲರೂ ಕಲಿತ ಪಾಠ ಒಂದುಂಟು: ಸವಾರಿಯಲ್ಲಿ ಇರುವವನು ನಡೆಯುವವನಿಗೆ ಮೊದಲು ಸಲಾಂ ಹೇಳಬೇಕು, ನಡೆಯುವವನು ಕೂತವನಿಗೆ. ಚಿಕ್ಕವನಿದ್ದಾಗ ಬಾಯಿಪಾಠ ಮಾಡಿದ್ದೆ, ಯಾಕೆ ಅಂತ ಯೋಚಿಸಿರಲಿಲ್ಲ. ಈಗ ಸೈಕಲಿನ ಮೇಲೆ ಕೂತಾಗ ಅರ್ಥವಾಗುತ್ತದೆ. ಎತ್ತರದಲ್ಲಿ ಇರುವವನು, ವೇಗದಲ್ಲಿ ಇರುವವನು ಕೆಳಗಿನವನಿಗೆ ಮೊದಲು ಹೇಳಬೇಕು: ನನ್ನಿಂದ ನಿನಗೆ ಹೆದರಿಕೆ ಬೇಡ ಅಂತ. ಕುದುರೆ ಒಂಟೆಯ ಮೇಲೆ ಇದ್ದವನಿಗೇ ಈ ಶಿಸ್ತು ಬೇಕಾಗಿತ್ತು. 1,200 ಕಿಲೋ ಕಬ್ಬಿಣದ ಒಳಗೆ ಕೂತವನಿಗೆ ಬೇಡವೇ? ನಮ್ಮ ಕಾರುಗಳ ಹಿಂದಿನ ಗಾಜಿನಲ್ಲಿ ಮಾಷಾ ಅಲ್ಲಾಹ್ ಎಂದು ಬರೆದಿರುತ್ತದೆ. ಅದನ್ನು ಓದುವ ಹೊತ್ತಿಗೆ ಸೈಕಲಿನವನು ಚರಂಡಿಯಲ್ಲಿ ಬಿದ್ದಿರಬಾರದು.

ಹಾಗಾಗಿ ಮೂರು ಮಾತು ಕೇಳುತ್ತೇನೆ. ಒಂದು, ಸೈಕಲ್ ಕಂಡರೆ ಮೊದಲು ವೇಗ ಇಳಿಸಿ. ಹಾರ್ನ್ ಆಮೇಲೆ, ಬೇಕಾದರೆ ಮಾತ್ರ, ಅದೂ ದೂರದಿಂದ ಒಂದೇ ಸಲ. ಎರಡು, ದಾಟುವಾಗ ಒಂದೂವರೆ ಮೀಟರ್ ಬಿಡಿ. ಜರ್ಮನಿಯಲ್ಲಿ 2020ರಿಂದ ಊರೊಳಗೆ ಅಷ್ಟು, ಊರ ಹೊರಗೆ 2 ಮೀಟರ್ ಬಿಡಬೇಕೆಂದು ಕಾನೂನೇ ಉಂಟು. ಜಾಗ ಇಲ್ಲದಿದ್ದರೆ ಕಾಯಿರಿ, ನಷ್ಟ ಏಳೂವರೆ ಸೆಕೆಂಡ್. ಮೂರು, ಮಗ ಸೈಕಲ್ ತುಳಿದರೆ ನಾಚಿಕೆಪಡಬೇಡಿ, ನಗುವ ನೆಂಟರಿಗೆ ಅವರ ಅಜ್ಜನ ಸೈಕಲನ್ನು ನೆನಪಿಸಿ.

ಜಮಾಅತಿನ ಹಿರಿಯರಲ್ಲೂ ಒಂದು ವಿನಂತಿ. ಮದುವೆಯ ದಿನ ಕಾರುಗಳ ಸಾಲು ಹಾರ್ನ್ ಹೊಡೆಯುತ್ತಾ ರಸ್ತೆ ತುಂಬ ಹೋಗುವುದನ್ನು ನಿಲ್ಲಿಸಿ ಎಂದು ನಿಕಾಹಿನ ದಿನ ಗೊತ್ತು ಮಾಡುವಾಗಲೇ ಹೇಳಿ. ನಿಮ್ಮ ಮಾತಿಗೆ ಪೊಲೀಸ್ ದಂಡಕ್ಕಿಂತ ಹೆಚ್ಚು ತೂಕ ಉಂಟು.

ಈ ಬರಹ ಉಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಿರಾಕಿ ಹೋಗ್ತಾರೆ" ಅಂದರು. ಆಮೇಲೆ, "ಹಾಕು" ಅಂದರು. ಗಿರಾಕಿಗಳೇ, ಕೋಪ ಬಂದರೆ ಅಂಗಡಿಗೆ ಬಂದೇ ಬೈಯಿರಿ. ಬರುವಾಗ ಸರ್ವಿಸ್ ರಸ್ತೆಯಲ್ಲಿ ನಿಧಾನ ಬನ್ನಿ. ಆ ಹೊತ್ತಿಗೆ ಕೆಲಸ ಬಿಟ್ಟ ಹುಡುಗರು ಸೈಕಲಿನಲ್ಲಿ ರೂಮಿಗೆ ಹೋಗುತ್ತಿರುತ್ತಾರೆ.