ಎತ್ತಿಗೆ ಜ್ವರ, ಎಮ್ಮೆಗೆ ಬರೆ

2019ರ ಕೊನೆಯಲ್ಲಿ, ಅಬುಜಾದ ಒಂದು ಹೋಟೆಲಿನ ಸಭಾಂಗಣದಲ್ಲಿ ಕೂತು ನಾನು ಒಂದು ವಾಕ್ಯವನ್ನು ಅಳಿಸಿದೆ. ಆಮೇಲೆ ಅನೇಕ ಸಲ ಅದು ನೆನಪಾಗಿದೆ.

ಪಶ್ಚಿಮ ಆಫ್ರಿಕಾ ದೇಶಗಳ ಆರ್ಥಿಕ ಸಮುದಾಯಕ್ಕೆ, ಅಂದರೆ ಇಕೋವಾಸ್‌ಗೆ, ಶಾಂತಿ ಮತ್ತು ಭದ್ರತೆಯ ಬಗ್ಗೆ ಸಲಹೆ ಕೊಡುವ ವರದಿಯ ಕರಡು ಅದು. ಬರೆಯುತ್ತಿದ್ದವರು ಮೂವರು, ನಾನು ಎಲ್ಲರಿಗಿಂತ ಕಿರಿಯ. ವಾಕ್ಯ ಇಷ್ಟೇ: 'ಅವಧಿ ಮುಗಿದ ಮೇಲೂ ಸಂವಿಧಾನ ತಿದ್ದಿ ಕುರ್ಚಿಯಲ್ಲಿ ಉಳಿಯುವ ಅಧ್ಯಕ್ಷರು ಮುಂದಿನ ಸೇನಾ ಕ್ಷಿಪ್ರಕ್ರಾಂತಿಗೆ ದಾರಿ ಮಾಡಿಕೊಡುತ್ತಿದ್ದಾರೆ.' ಅದನ್ನು ತೆಗೆಯಿರಿ ಎಂದದ್ದು ಇಕೋವಾಸ್ ಅಲ್ಲ. ಅದರ ಮೇಜಿನವರೆಗೆ ವರದಿ ಹೋಗಿಯೇ ಇರಲಿಲ್ಲ. ಯುರೋಪಿನ ಹಣದಲ್ಲಿ ನಡೆಯುತ್ತಿದ್ದ, ನಮ್ಮನ್ನು ಗುತ್ತಿಗೆಗೆ ತೆಗೆದುಕೊಂಡಿದ್ದ ಸಂಸ್ಥೆಯವರು 'ಇದು ರಾಜಕೀಯವಾಯಿತು, ಸ್ವಲ್ಪ ಮೃದು ಮಾಡಿ' ಎಂದರು. ನಾನು 'ಆಡಳಿತದ ಕೆಲವು ಕೊರತೆಗಳು' ಎಂದು ಬರೆದೆ. ಮಧ್ಯಾಹ್ನದ ಊಟ ಚೆನ್ನಾಗಿತ್ತು.

ಮರುವರ್ಷ ಮಾರ್ಚಿಯಲ್ಲಿ ಗಿನಿಯ ಅಧ್ಯಕ್ಷ ಆಲ್ಫಾ ಕೊಂಡೆ ಜನಮತಗಣನೆ ನಡೆಸಿ ಸಂವಿಧಾನ ಬದಲಿಸಿದರು. ಅಕ್ಟೋಬರಿನಲ್ಲಿ ಮೂರನೇ ಸಲ ಗೆದ್ದರು. ವಿರೋಧಿಸಿ ಬೀದಿಗಿಳಿದವರ ಮೇಲೆ ಗುಂಡು ಹಾರಿತು, ಜನ ಸತ್ತರು. ಇಕೋವಾಸ್ ದಿಗ್ಬಂಧನ ಹಾಕಲಿಲ್ಲ. 2021ರ ಸೆಪ್ಟೆಂಬರ್ 5ರಂದು ಸೇನೆಯ ವಿಶೇಷ ಪಡೆ ಕೊಂಡೆಯನ್ನು ಬಂಧಿಸಿತು. ಕೊನಾಕ್ರಿಯ ಬೀದಿಗಳಲ್ಲಿ ಜನ ಕುಣಿದರು. ಇಕೋವಾಸ್ ಈಗ ಎಚ್ಚರಗೊಂಡು, ಒಂದು ವಾರ ತುಂಬುವ ಮೊದಲೇ ಗಿನಿಯನ್ನು ಅಮಾನತು ಮಾಡಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತೇವಲ್ಲ, ಅದೇ. ಇಲ್ಲಿ ಮೊದಲ ಕಳ್ಳ ಕೋಟೆಯ ಒಡೆಯನೇ ಆಗಿದ್ದ ಎಂಬುದೊಂದೇ ವ್ಯತ್ಯಾಸ.

ಈ ಸಂಸ್ಥೆಗೆ ತಿಳಿವಳಿಕೆ ಇಲ್ಲವೆಂದು ಹೇಳಿದರೆ ಅನ್ಯಾಯ. 1975ರ ಮೇ 28ರಂದು ಲಾಗೋಸ್‌ನಲ್ಲಿ 15 ದೇಶಗಳು ವ್ಯಾಪಾರಕ್ಕೆಂದು ಕಟ್ಟಿಕೊಂಡ ಕೂಟ ಅದು. ಲೈಬೀರಿಯಾ ಹೊತ್ತಿ ಉರಿಯುವಾಗ ಜಗತ್ತು ಬೇರೆ ಕಡೆ ನೋಡುತ್ತಿತ್ತು. 1990ರಲ್ಲಿ ಅಲ್ಲಿಗೆ ಪಡೆ ಕಳಿಸಿದ್ದು ಇದೇ ಕೂಟ. 1999ರಲ್ಲಿ ಸಂಘರ್ಷ ತಡೆಗೆ ಒಂದು ವ್ಯವಸ್ಥೆಯನ್ನೇ ರೂಪಿಸಿತು. ಬಾಂಜುಲ್, ವಾಗಾಡೂಗು, ಮನ್ರೋವಿಯಾ, ಕೊಟೊನು ನಗರಗಳಲ್ಲಿ ಮುನ್ನೆಚ್ಚರಿಕೆಯ ಕಚೇರಿಗಳು ಬಂದವು. 2001ರಲ್ಲಿ ಇನ್ನೊಂದು ಒಪ್ಪಂದ: ಚುನಾವಣೆಗೆ ಮುಂಚಿನ ಆರು ತಿಂಗಳಲ್ಲಿ, ಬಹುಪಾಲು ಪಕ್ಷಗಳ ಒಪ್ಪಿಗೆಯಿಲ್ಲದೆ, ಚುನಾವಣಾ ಕಾನೂನನ್ನು ಗಣನೀಯವಾಗಿ ಬದಲಿಸಕೂಡದು. ಸಂವಿಧಾನಬಾಹಿರವಾಗಿ ಅಧಿಕಾರ ಹಿಡಿಯುವುದನ್ನು ಎಳ್ಳಷ್ಟೂ ಸಹಿಸುವುದಿಲ್ಲ. ಕಾಗದದ ಮೇಲೆ ಇಷ್ಟು ಮುಂದೆ ಹೋದ ಪ್ರಾದೇಶಿಕ ಕೂಟಗಳು ಕಡಿಮೆ. ನಮ್ಮ ಸಾರ್ಕ್ ಇದರ ಹತ್ತಿರಕ್ಕೂ ಬಂದಿಲ್ಲ.

ಹಾಗಾದರೆ ತೊಡಕು ಎಲ್ಲಿ? ಸೈನಿಕ ಬಂದೂಕು ಹಿಡಿದು ಬಂದರೆ ಅದು ಕ್ಷಿಪ್ರಕ್ರಾಂತಿ. ಅಧ್ಯಕ್ಷ ಲೇಖನಿ ಹಿಡಿದು ಅದನ್ನೇ ಮಾಡಿದರೆ ಅದು 'ಆಂತರಿಕ ವಿಚಾರ'. 2015ರ ಮೇ ತಿಂಗಳಲ್ಲಿ ಆಕ್ರಾ ಶೃಂಗಸಭೆಯ ಮುಂದೆ ಒಂದು ಪ್ರಸ್ತಾಪವಿತ್ತು: ಯಾವ ಅಧ್ಯಕ್ಷರಿಗೂ ಎರಡಕ್ಕಿಂತ ಹೆಚ್ಚು ಅವಧಿ ಬೇಡ. ಟೋಗೊ ಮತ್ತು ಗ್ಯಾಂಬಿಯಾ ಒಪ್ಪಲಿಲ್ಲ. ಪ್ರಸ್ತಾಪ ಬಿದ್ದುಹೋಯಿತು. ಎರಡು ವರ್ಷವೂ ತುಂಬಿರಲಿಲ್ಲ, ಗ್ಯಾಂಬಿಯಾದ ಯಾಹ್ಯಾ ಜಾಮೆ ಚುನಾವಣೆಯಲ್ಲಿ ಸೋತೂ ಇಳಿಯಲಿಲ್ಲ. 2017ರ ಜನವರಿಯಲ್ಲಿ ಅವರನ್ನು ಇಳಿಸಲು ಇದೇ ಇಕೋವಾಸ್ ಗಡಿ ದಾಟಿ ಪಡೆ ಕಳಿಸಬೇಕಾಯಿತು. ಟೋಗೊ 2024ರಲ್ಲಿ ಸಂವಿಧಾನವನ್ನೇ ಬದಲಿಸಿತು. 2005ರಿಂದ ಅಧಿಕಾರದಲ್ಲಿರುವ ಫೌರೆ ನ್ಯಾಸಿಂಗ್ಬೆಗೆ ಹೊಸ ಹೆಸರಿನ ಹಳೆಯ ಕುರ್ಚಿ ಸಿಕ್ಕಿತು. ಅದಕ್ಕೂ ದಿಗ್ಬಂಧನವಿಲ್ಲ.

ಗ್ಯಾಂಬಿಯಾದ ಯಶಸ್ಸನ್ನು ಸಲಹೆಗಾರರೆಲ್ಲ ಉದಾಹರಿಸುತ್ತಾರೆ. ನಾನೂ ಉದಾಹರಿಸಿದ್ದೇನೆ. ಆದರೆ ಅದು ಗೆದ್ದದ್ದೇಕೆ? ಅಲ್ಲಿಯ ಜನ ಮತ ಹಾಕಿ ಆಡಾಮಾ ಬಾರೋರನ್ನು ಆಗಲೇ ಆರಿಸಿದ್ದರು. ಪುಟ್ಟ ದೇಶ, ಮೂರು ಕಡೆ ಸೆನೆಗಲ್. ಅದರ ಸೇನೆ ಕಾದಾಡಲಿಲ್ಲ. ಹೊರಗಿನ ಪಡೆ ಹೋದದ್ದು ಜನರ ತೀರ್ಪಿನ ಹಿಂದೆ. ಈ ಪಾಠವನ್ನು ಬಿಟ್ಟು 'ಬೆದರಿಸಿದರೆ ಬಗ್ಗುತ್ತಾರೆ' ಎಂಬುದನ್ನಷ್ಟೇ ಕಲಿತರು.

ಅದರ ಫಲ ನೈಜರ್. 2023ರ ಜುಲೈ 26ರಂದು ಅಧ್ಯಕ್ಷ ಮೊಹಮದ್ ಬಜೂಮ್ ಅವರನ್ನು ಅವರ ಕಾವಲುಪಡೆಯೇ ಬಂಧಿಸಿತು. ನಾಲ್ಕು ದಿನಕ್ಕೆ ಇಕೋವಾಸ್ ಒಂದು ವಾರದ ಗಡುವು ಕೊಟ್ಟು, ಬಲಪ್ರಯೋಗದ ಮಾತಾಡಿ, ಗಡಿ ಮುಚ್ಚಿ, ಹಣ ತಡೆಹಿಡಿಯಿತು. ನೈಜೀರಿಯಾ ವಿದ್ಯುತ್ ಕಡಿಯಿತು. ನೈಜರ್ ಬಳಸುವ ವಿದ್ಯುತ್ತಿನಲ್ಲಿ ಸುಮಾರು ಶೇಕಡ 70 ಅಲ್ಲಿಂದಲೇ ಬರುತ್ತಿತ್ತು. ಬೆನಿನ್ ಗಡಿಯ ಮಲಾನ್‌ವಿಲ್‌ನಲ್ಲಿ ಸರಕು ತುಂಬಿದ ಲಾರಿಗಳು ಸಾಲುಗಟ್ಟಿ ನಿಂತವು. ಕತ್ತಲಾದದ್ದು ನಿಯಾಮೆಯ ಮನೆಗಳಿಗೆ, ತುಟ್ಟಿಯಾದದ್ದು ಬಡವರ ಅಕ್ಕಿ. ಜನರಲ್‌ಗಳಿಗೆ ಜನರೇಟರ್ ಇದ್ದೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದು. ತಿಳಿಯದೆ ಮಾಡಿದ್ದೂ ಅಲ್ಲ. 2022ರ ಜನವರಿಯಲ್ಲಿ ಮಾಲಿಗೆ ದಿಗ್ಬಂಧನ ಹಾಕಿದಾಗ ಔಷಧ, ಅಗತ್ಯ ವಸ್ತು, ಇಂಧನ, ವಿದ್ಯುತ್ತನ್ನು ಹೊರಗಿಟ್ಟಿದ್ದರು. ಒಂದೂವರೆ ವರ್ಷದಲ್ಲಿ ಆ ವಿವೇಕವೂ ಮರೆತುಹೋಗಿತ್ತು.

2024ರ ಫೆಬ್ರುವರಿಯಲ್ಲಿ ದಿಗ್ಬಂಧನ ತೆಗೆದಾಗ ಬಜೂಮ್ ಇನ್ನೂ ಬಂಧನದಲ್ಲೇ ಇದ್ದರು. ಅಷ್ಟರಲ್ಲಿ ಮಾಲಿ, ಬುರ್ಕಿನಾ ಫಾಸೊ, ನೈಜರ್ ಒಟ್ಟಾಗಿ ಬೇರೆ ಕೂಟ ಕಟ್ಟಿಕೊಂಡಿದ್ದವು. 2025ರ ಜನವರಿ 29ರಂದು ಅವು ಅಧಿಕೃತವಾಗಿ ಹೊರನಡೆದವು. ಉಳಿದವು 12. ಮುನ್ನೆಚ್ಚರಿಕೆಯ ಕಚೇರಿಗೆಂದು ಆರಿಸಿದ್ದ ವಾಗಾಡೂಗು ನಗರವೇ ಈಗ ಹೊರಗಿದೆ.

ಇಷ್ಟು ಹೇಳಿದರೆ ನನ್ನನ್ನು ಸೈನಿಕ ಆಡಳಿತದ ಪರ ಎನ್ನುವವರಿದ್ದಾರೆ. ಅಲ್ಲ. ಸಾಹೇಲ್‌ನ ಸೈನಿಕರು ಭದ್ರತೆ ತರುತ್ತೇವೆಂದು ಬಂದರು. ಹತ್ಯೆಗಳು ನಿಂತಿಲ್ಲ. ಮಾಲಿಯಲ್ಲಿ 2025ರ ಮೇ ತಿಂಗಳಲ್ಲಿ ರಾಜಕೀಯ ಪಕ್ಷಗಳನ್ನೆಲ್ಲ ವಿಸರ್ಜಿಸಿಬಿಟ್ಟರು. ಸೈನಿಕನಿಗೆ ಚಪ್ಪಾಳೆ ತಟ್ಟಿದ ಕೈಗಳನ್ನು ನಾನು ದೂರುವುದಿಲ್ಲ. ಆ ಚಪ್ಪಾಳೆಗೆ ಕಾರಣವಾದವರನ್ನು ವರದಿಯಲ್ಲಿ ಹೆಸರಿಸದ ನಮ್ಮಂಥವರನ್ನು ದೂರುತ್ತೇನೆ.

ನಮ್ಮ ಕಸುಬಿನವರು ಒಂದು ಸಮರ್ಥನೆ ಕೊಡುತ್ತಾರೆ. ಇಕೋವಾಸ್‌ನ ಪರಮಾಧಿಕಾರ ಇರುವುದು ರಾಷ್ಟ್ರಾಧ್ಯಕ್ಷರ ಸಭೆಗೆ, ಅವರನ್ನು ಚುಚ್ಚಿದರೆ ಬಾಗಿಲೇ ಮುಚ್ಚುತ್ತದೆ, ಒಳಗಿದ್ದು ಮೆಲ್ಲಗೆ ಹೇಳುವುದೇ ಮೇಲು ಎಂದು. ಈ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಮೆಲ್ಲಗೆ ಹೇಳುತ್ತ ಹೇಳುತ್ತ ನಾವು ಹೇಳುವುದನ್ನೇ ಬಿಟ್ಟೆವು. ಬಾಗಿಲು ತೆರೆದೇ ಇತ್ತು, ಒಳಗೆ ಹೋದದ್ದು ಊಟಕ್ಕೆ ಎಂಬಂತಾಯಿತು. ಇನ್ನೊಂದು ಆಕ್ಷೇಪ, ದೂರದ ಕನ್ನಡಿಗ ಅವರಿಗೆ ಬುದ್ಧಿ ಹೇಳಲು ಯಾರು ಎಂಬುದು. ನ್ಯಾಯವಾದ ಪ್ರಶ್ನೆ. ಆದರೆ ಅದನ್ನು ಸಂಬಳ ತೆಗೆದುಕೊಳ್ಳುವ ಮೊದಲು ಕೇಳಿಕೊಳ್ಳಬೇಕಿತ್ತು. ತೆಗೆದುಕೊಂಡ ಮೇಲೆ ಉಳಿಯುವುದು ಕಂಡದ್ದನ್ನು ಹೇಳುವ ಹೊಣೆ.

ಆ ವರದಿಯ ನಿಜವಾದ ಒಡೆಯರು ಯಾರೆಂದೂ ನಾವು ಮರೆತೆವು. ಹೊರಗಿನಿಂದ ಈ ದೇಶಗಳಿಗೆ ಬರುವ ಸರಕಿನ ಮೇಲೆ ಶೇಕಡ 0.5ರಷ್ಟು ಸಮುದಾಯ ಸುಂಕವಿದೆ. ಇಕೋವಾಸ್ ಬಹುಮಟ್ಟಿಗೆ ಅದರಿಂದ ನಡೆಯುತ್ತದೆ. ಆಕ್ರಾ ಮಾರುಕಟ್ಟೆಯಲ್ಲಿ ಚೀನಾದ ಬಟ್ಟೆ ಮಾರುವ ಹೆಂಗಸಿಗೂ, ಅದನ್ನು ಕೊಳ್ಳುವವಳಿಗೂ ಆ ಸುಂಕದ ಭಾರ ತಗಲುತ್ತದೆ. 2003ರಲ್ಲಿ ಅದೇ ಆಕ್ರಾದಲ್ಲಿ ಲೈಬೀರಿಯಾದ ಶಾಂತಿ ಮಾತುಕತೆ ವಾರಗಟ್ಟಲೆ ಎಳೆದಾಗ, ಲೇಮಾ ಬೋವಿ ಮುಂದಾಳಾಗಿದ್ದ ಹೆಂಗಸರು ಸಭಾಂಗಣದ ಬಾಗಿಲಿಗೆ ಅಡ್ಡ ಕೂತರು. ಒಪ್ಪಂದವಾಗದೆ ಯಾರೂ ಹೊರಗೆ ಹೋಗುವಂತಿಲ್ಲ ಎಂದರು. ಆಗಸ್ಟಿನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಆ ಪ್ರದೇಶದ ಶಾಂತಿಗೆ ಸಿಕ್ಕ ಒಳ್ಳೆಯ ಸಲಹೆಗಳಲ್ಲಿ ಅದೂ ಒಂದು. ಯಾರೂ ಅದಕ್ಕೆ ದಿನಭತ್ಯೆ ಕೊಟ್ಟಿರಲಿಲ್ಲ.

ಹಾಗಾಗಿ ಇನ್ನು ಸಲಹೆ ಕೊಡುವವರು ಮೂರು ಕೆಲಸ ಮಾಡಲಿ. ಎರಡು ಅವಧಿಯ ಮಿತಿಯನ್ನು ಪ್ರತಿ ವರದಿಯ ಮೊದಲ ಪುಟದಲ್ಲಿ ಬರೆಯಲಿ, ಮಿತಿ ಮೀರುವವರ ಹೆಸರಿನ ಸಮೇತ. ದಿಗ್ಬಂಧನವನ್ನು ತಪ್ಪು ಮಾಡಿದವರ ಬ್ಯಾಂಕ್ ಖಾತೆಗೆ, ಪ್ರಯಾಣಕ್ಕೆ ಹಾಕಿಸಲಿ. ಅಕ್ಕಿ, ಔಷಧ, ದೀಪಕ್ಕೆ ಬೇಡ. ಮತ್ತು ಬರೆದದ್ದನ್ನು ಪ್ರಕಟಿಸಲಿ, ಇಂಗ್ಲಿಷ್, ಫ್ರೆಂಚ್ ಮಾತ್ರವಲ್ಲ, ಹೌಸಾ, ಯೊರುಬಾ, ಬಂಬಾರಾ ಭಾಷೆಗಳಲ್ಲೂ. ಪ್ರಕಟವಾಗದ ಎಚ್ಚರಿಕೆ ಎಚ್ಚರಿಸಬೇಕಾದವರನ್ನು ಮುಟ್ಟುವುದೇ ಇಲ್ಲ.

ಪ್ರಕಟಿಸಲು ಬಿಡದ ಒಪ್ಪಂದ ಮುಂದಿಟ್ಟರೆ ಸಹಿ ಹಾಕಬೇಡಿ. ನಾನು ಹಾಕಿದ್ದೆ.