ಲೆನ್ಸ್ ತೊಳೆಯೋಕೂ ಬೋರಿನ ನೀರೇ?

ಹೊಳಲ್ಕೆರೆ, ಹೊಸದುರ್ಗದ ಕಡೆ ಬೋರಿನ ನೀರು ಕಾಯಿಸುವ ಯಾವುದೇ ಹಂಡೆಯೊಳಗೆ ಇಣುಕಿ ನೋಡಿ. ಸುಣ್ಣ ಬಳಿದ ಹಾಗೆ ಬಿಳಿ ಪದರ ಕಟ್ಟಿರುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೂ ಜಪ್ಪಯ್ಯ ಅನ್ನೋದಿಲ್ಲ. ಅದೇ ನೀರಲ್ಲಿ ನಮ್ಮ ಹುಡುಗ ಹುಡುಗಿಯರು ಕಣ್ಣಿಗೆ ಹಾಕುವ ಲೆನ್ಸ್ ತೊಳೆಯುತ್ತಾರೆಂದರೆ ಏನನ್ನೋಣ!

ಈ ಮೆತ್ತನೆ ಲೆನ್ಸ್ ಗಾಜಿನದಲ್ಲ, ನೀರು ಹೀರುವ ಪ್ಲಾಸ್ಟಿಕ್. 1961ರ ಕ್ರಿಸ್‌ಮಸ್ ವೇಳೆಗೆ ಜೆಕ್ ವಿಜ್ಞಾನಿ ಓಟ್ಟೊ ವಿಖ್ಟರ್ಲೆ ಮಕ್ಕಳ ಆಟದ ಸಾಮಾನು, ಸೈಕಲ್ ಡೈನಮೊ ಜೋಡಿಸಿ ಮಾಡಿದ ಯಂತ್ರದಲ್ಲಿ ಇದನ್ನು ತಯಾರಿಸಿದ. ಹೀರುವುದೇ ಇದರ ಗುಣ, ಅವಗುಣವೂ ಅದೇ. ನಮ್ಮ ಕಣ್ಣೀರಿನಲ್ಲೇ ಇರುವ ಪ್ರೋಟೀನು, ಜಿಡ್ಡು, ಕ್ಯಾಲ್ಸಿಯಂ ದಿನಾ ಒಂದಿಷ್ಟು ಅಂಟುತ್ತಾ ಹೋಗುತ್ತವೆ. ಲೆನ್ಸ್ ಮಬ್ಬಾಗುತ್ತದೆ, ಕೆಲವರದರಲ್ಲಿ ಸಣ್ಣ ಸಣ್ಣ ಉಬ್ಬು ಏಳುತ್ತವೆ. ಆ ಉಬ್ಬು ರೆಪ್ಪೆಯ ಒಳಮೈಯನ್ನು ಉಜ್ಜಿ ಉಜ್ಜಿ ಕೆರಳಿಸುತ್ತದೆ. ತುರಿಕೆ, ಕೆಂಪು, ಲೋಳೆ ಶುರು. ದುರ್ಗದ ಗಾಳಿ ಧೂಳಂತೂ ಕೇಳಬೇಡಿ!

ಕುದಿಸಿದರಾಯ್ತಲ್ಲ ಅನ್ನೋ ಜಾಣರೂ ಇದ್ದಾರೆ. ಬಿಸಿಗೆ ಆ ಪ್ರೋಟೀನು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ಲೆನ್ಸಿಗೇ ಕಚ್ಚಿಕೊಳ್ಳುತ್ತದೆ.

ಬೋರು ಬಿಡಿ, ಹಿರಿಯೂರಿನ ವಾಣಿವಿಲಾಸ ಸಾಗರದಿಂದ ಶುದ್ಧ ಮಾಡಿ ಬಿಡುವ ನಲ್ಲಿ ನೀರು, ದುಡ್ಡು ಕೊಟ್ಟು ತರುವ ಫಿಲ್ಟರ್ ನೀರು ಕೂಡ ಲೆನ್ಸಿಗೆ ಸಲ್ಲದು. ಕುಡಿಯಲು ಯೋಗ್ಯವಾದ ನೀರೆಲ್ಲ ಕಣ್ಣಿಗೆ ಯೋಗ್ಯವಲ್ಲ. ಅಕಾಂತಮೀಬಾ ಎಂಬ ಕಣ್ಣಿಗೆ ಕಾಣದ ಜೀವಿ ನಲ್ಲಿ ನೀರಲ್ಲೂ ಇರುತ್ತದೆ. ಲೆನ್ಸಿನ ಮೇಲೆ ಕೂತು ಕಾರ್ನಿಯಾಕ್ಕೆ ಹುಣ್ಣು ಮಾಡಿದರೆ ತಿಂಗಳುಗಟ್ಟಲೆ ಔಷಧಿ. ದೃಷ್ಟಿಯೇ ಹೋದರೂ ಹೋಯಿತು. ತೊಳೆಯಲಿಕ್ಕೆ ಲೆನ್ಸಿನ ದ್ರಾವಣ ಒಂದೇ. ಅಂಗೈಯಲ್ಲಿಟ್ಟು ದ್ರಾವಣ ಹಾಕಿ ಬೆರಳಿನಿಂದ ಮೆಲ್ಲಗೆ ಉಜ್ಜಬೇಕು. ಡಬ್ಬಿಯಲ್ಲಿ ನಿನ್ನೆ ಉಳಿದದ್ದನ್ನು ಚೆಲ್ಲಿ ಹೊಸದು ಹಾಕಬೇಕು.

ಇಷ್ಟನ್ನು ಹೇಳುವವರು ಯಾರು? ಮದುವೆ ಸೀಸನ್ ಬಂತೆಂದರೆ ಫ್ಯಾನ್ಸಿ ಅಂಗಡಿಗಳಲ್ಲೂ ಬಣ್ಣದ ಲೆನ್ಸ್ ಮಾರಾಟ. ಕಣ್ಣು ಪರೀಕ್ಷೆ ಇಲ್ಲ, ಚೀಟಿ ಇಲ್ಲ. ಗೆಳತಿಯದನ್ನು ಇನ್ನೊಬ್ಬಳು ಹಾಕಿಕೊಳ್ಳುತ್ತಾಳೆ. ತಿಂಗಳಿಗೆ ಎಸೆಯಬೇಕಾದ್ದು ವರ್ಷ ಬಾಳುತ್ತದೆ. ಸಾವಿರಾರು ರೂಪಾಯಿ ಕೊಟ್ಟದ್ದನ್ನು ಎಸೆಯೋದು ಹೇಗೆ ಸ್ವಾಮಿ ಅನ್ನೋದು ಬಡ ಮಧ್ಯಮ ವರ್ಗದ ಸಂಕಟ. ಅದು ನಮಗೂ ಅರ್ಥವಾಗುತ್ತದೆ. ಅಂಥವರಿಗೆ ಕನ್ನಡಕವೇ ವಾಸಿ.

ಕನ್ನಡಕದಂಗಡಿಯವರು ಲೆನ್ಸ್ ಮಾರುವಾಗ ಎಸೆಯಬೇಕಾದ ತಾರೀಖನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆದು ಕೊಡಲಿ. ಆರೋಗ್ಯ ಇಲಾಖೆಯ ನೇತ್ರ ಶಿಬಿರಗಳು ಅಜ್ಜ ಅಜ್ಜಿಯರ ಪೊರೆಗಷ್ಟೇ ಮೀಸಲಾಗದೆ ನಾಲ್ಕೂ ಊರಿನ ಕಾಲೇಜುಗಳಿಗೆ ಒಮ್ಮೆ ಬರಲಿ. ಅಲ್ಲಿಯವರೆಗೆ, ಕಣ್ಣು ಕೆಂಪಾದ ದಿನ ಮೆಡಿಕಲ್ ಶಾಪಿನ ಡ್ರಾಪ್ಸ್ ನಂಬದೆ, ಲೆನ್ಸ್ ತೆಗೆದು ಡಬ್ಬಿ ಸಮೇತ ಕಣ್ಣಿನ ಡಾಕ್ಟರ ಬಳಿ ಹೋಗಿ.