ಕೇಳೋ ಮೊದಲೇ ಕೊಟ್ಟರೆ?

ಬಿಕಾಂ ತರಗತಿಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿದ ಮೊದಲ ವರ್ಷದ ಮಾತು. ಪುಸ್ತಕದ ಒಂದೊಂದು ಪ್ಯಾರಾವನ್ನು ಒಬ್ಬೊಬ್ಬರಿಂದ ಗಟ್ಟಿಯಾಗಿ ಓದಿಸುವ ಅಭ್ಯಾಸ ನನಗಿತ್ತು. ನಮ್ಮ ಮೇಷ್ಟ್ರು ನಮಗೆ ಮಾಡಿದ್ದನ್ನೇ ನಾನೂ ಮಾಡುತ್ತಿದ್ದೆ, ಅಷ್ಟೇ. ಕೊನೇ ಬೆಂಚಿನ ಒಬ್ಬ ಹುಡುಗ ಮಾತ್ರ ತನ್ನ ಸರದಿ ಹತ್ತಿರ ಬರ್ತಿದ್ದ ಹಾಗೇ "ಮ್ಯಾಮ್, ಟಾಯ್ಲೆಟ್" ಅಂತ ಎದ್ದು ಹೋಗುತ್ತಿದ್ದ. ಮೂರನೇ ಸಲ ನಾನು ಬಿಡಲಿಲ್ಲ. "ಡಿಗ್ರಿಗೆ ಬಂದಿದೀಯ, ನಾಲ್ಕು ಸಾಲು ಓದೋಕೆ ಬರಲ್ವಾ?" ಅಂದೆ. ಕ್ಲಾಸೆಲ್ಲ ನಕ್ಕಿತು. ಅವನೂ ನಕ್ಕ. ಮುಂದಿನ ವಾರದಿಂದ ಬರಲೇ ಇಲ್ಲ.

ಹಾಜರಾತಿ ಕಮ್ಮಿ ಅಂತ ಮನೆಗೆ ಫೋನ್ ಹೋದಾಗ ಅವರಮ್ಮ ಕಾಲೇಜಿಗೆ ಬಂದರು. "ಒಂದು ಪುಟ ಓದೋಕೆ ಅವನಿಗೆ ಒಂದು ಗಂಟೆ ಬೇಕು ಮೇಡಂ, ಚಿಕ್ಕಂದಿನಿಂದ್ಲೂ ಹಾಗೇ. ಆದ್ರೆ ಯಾರಾದ್ರೂ ಓದಿ ಹೇಳಿದ್ರೆ ಒಂದೇ ಸಲಕ್ಕೆ ಹಿಡ್ಕೋತಾನೆ. ನಮ್ಮ ಅಂಗಡಿ ಲೆಕ್ಕ ಪೂರ್ತಿ ಅವನದೇ" ಅಂದರು. ಲೆಕ್ಕಶಾಸ್ತ್ರ ಕಲಿಸೋ ನಾನು, ಲೆಕ್ಕ ಬರುವ ಹುಡುಗನನ್ನ ಓದು ಬರಲ್ಲ ಅಂತ ಓಡಿಸಿದ್ದೆ.

ಅವನಿಗೆ ಇದ್ದದ್ದು ಡಿಸ್ಲೆಕ್ಸಿಯಾನಾ? ಹೇಳೋಕೆ ನಾನು ಡಾಕ್ಟರ್ ಅಲ್ಲ. ಯಾರೂ ಅವನನ್ನು ಪರೀಕ್ಷೆ ಮಾಡಿಸಿರಲಿಲ್ಲ. ನಿಜವಾದ ತೊಡಕು ಇರೋದು ಇಲ್ಲೇ ನೋಡಿ.

ಕಾನೂನು ನಮ್ಮಲ್ಲಿ ಚೆನ್ನಾಗೇ ಇದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಷ್ಟೇ ಇದ್ದವು. 2016ರ ಕಾಯ್ದೆಯಲ್ಲಿ ಅದು 21 ಆಯಿತು. ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆಗಳೂ ಸೇರಿದವು. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇಕಡಾ 5ಕ್ಕೆ ಕಡಿಮೆ ಇಲ್ಲದಷ್ಟು ಸೀಟು ಮೀಸಲು. ಅರ್ಹರಿಗೆ ಪರೀಕ್ಷೆಯಲ್ಲಿ ಬರೆಯೋಕೆ ಸಹಾಯಕರು ಸಿಗ್ತಾರೆ, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವೂ ಸಿಗುತ್ತೆ. ಆದರೆ ಇದೆಲ್ಲ ಸಿಗಬೇಕಾದ್ರೆ ಮೊದಲು ಕೈಯಲ್ಲಿ ಸರ್ಟಿಫಿಕೇಟ್ ಇರಬೇಕು. ಹತ್ತನೇ ಕ್ಲಾಸಿನವರೆಗೆ "ದಡ್ಡ", "ಸೋಮಾರಿ" ಅಂತಲೇ ಕರೆಸಿಕೊಂಡು ಬಂದವನ ಹತ್ತಿರ ಅದು ಎಲ್ಲಿಂದ ಬರಬೇಕು? ಇದ್ದವರೂ ಎಲ್ಲರ ಮುಂದೆ ಎದ್ದು "ನನಗೆ ಹೀಗಿದೆ" ಅಂತ ಕೇಳೋಕೆ ನಾಚಿಕೊಳ್ತಾರೆ. ಹದಿನೆಂಟನೇ ವಯಸ್ಸಿನಲ್ಲಿ ನಾವಾಗಿದ್ರೂ ಕೇಳ್ತಿರಲಿಲ್ಲ, ಅಲ್ವಾ?

ಹಾಗಾದ್ರೆ ಅವರು ಕೇಳೋ ಮೊದಲೇ ಕೊಟ್ಟರೆ?

ಇದು ನನ್ನ ಹೊಸ ಯೋಚನೆಯೇನಲ್ಲ. ಅಮೆರಿಕದಲ್ಲಿ ರೊನಾಲ್ಡ್ ಮೇಸ್ ಎಂಬ ವಾಸ್ತುಶಿಲ್ಪಿ ಇದ್ದರು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ವೀಲ್‌ಚೇರ್ ಹಿಡಿದವರು. ಕಟ್ಟಡ ಕಟ್ಟಿ ಮುಗಿದ ಮೇಲೆ ಹಿಂಬಾಗಿಲಿಗೊಂದು ಇಳಿಜಾರು ಸೇರಿಸೋ ಬದಲು, ನಕ್ಷೆ ಹಾಕುವಾಗಲೇ ಎಲ್ಲರನ್ನೂ ಲೆಕ್ಕಕ್ಕೆ ತಗೊಳ್ಳಿ ಅನ್ನೋದು ಅವರ ವಾದ. ಇಳಿಜಾರು ಮಾಡೋದು ವೀಲ್‌ಚೇರಿಗಾಗಿ, ಆದ್ರೆ ಬಳಸೋದು ಟ್ರಾಲಿ ಬ್ಯಾಗ್ ಎಳೆಯೋರು, ಮಂಡಿನೋವಿನ ಅಜ್ಜಿ, ಸಿಲಿಂಡರ್ ತರೋ ಹುಡುಗ ಎಲ್ಲರೂ. ಅಲ್ಲಿನ ಕಾಸ್ಟ್ ಎಂಬ ಸಂಸ್ಥೆ ಇದೇ ವಿಚಾರವನ್ನು ಪಾಠದ ಕೋಣೆಗೆ ತಂದಿತು. ಅವರು ಹೇಳೋದು ಸರಳ: ವಿಷಯವನ್ನು ಒಂದಕ್ಕಿಂತ ಹೆಚ್ಚು ರೀತಿ ತೋರಿಸಿ, ಕಲಿತದ್ದನ್ನು ಒಂದಕ್ಕಿಂತ ಹೆಚ್ಚು ರೀತಿ ಹೇಳಲು ಬಿಡಿ, ಕಲಿಯೋ ಆಸೆ ಹುಟ್ಟೋಕೂ ಬೇರೆಬೇರೆ ದಾರಿ ಇಡಿ.

ಎಪ್ಪತ್ತು ಜನರ ಕ್ಲಾಸಿನಲ್ಲಿ ಇದು ಆಗುತ್ತಾ? ಪೂರ್ತಿ ಆಗಲ್ಲ. ಆದಷ್ಟು ಮಾಡಿದೆ.

ಮೊದಲನೆಯದು, ಗಟ್ಟಿಯಾಗಿ ಓದೋದು ಇಷ್ಟ ಇದ್ದವರಿಗೆ ಮಾತ್ರ ಅಂತ ಮಾಡಿದೆ. ಉಳಿದ ಕಡೆ ನಾನೇ ಓದಿ ಹೇಳ್ತೀನಿ.

ಎರಡನೆಯದು ನೋಟ್ಸ್. ಮುಂಚೆ ಕೈಬರಹದ ಹಾಳೆಯ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕ್ತಿದ್ದೆ. ಕಣ್ಣು ಕಾಣದ ವಿದ್ಯಾರ್ಥಿಯ ಫೋನಿಗೆ ಅದು ಬರೀ ಒಂದು ಚಿತ್ರ. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್ ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಕ್ಷರ ಓದಿ ಹೇಳೋ ಸಾಫ್ಟ್‌ವೇರ್ ಅದನ್ನು ಹಾಗೇ ಒದರುತ್ತೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ರೆ ಎನ್‌ವಿಡಿಎಯಂಥ ಉಚಿತ ಸಾಫ್ಟ್‌ವೇರ್ ಕೂಡ ಕನ್ನಡ ಓದುತ್ತೆ. ಈಗ ಯುನಿಕೋಡ್‌ನಲ್ಲೇ ಟೈಪ್ ಮಾಡಿ ಪಾಠಕ್ಕೆ ಎರಡು ದಿನ ಮುಂಚೆ ಕಳಿಸ್ತೀನಿ. ಓದೋಕೆ ಕಷ್ಟ ಇರುವವರು ಅದನ್ನು ಫೋನಿನಿಂದಲೇ ಓದಿಸಿಕೊಂಡು ಕೇಳ್ತಾರೆ. ಬಸ್ಸಿನಲ್ಲಿ ಒಂದೂವರೆ ಗಂಟೆ ಓಡಾಡೋ ಹುಡುಗಿಯರೂ ಈಗ ಅದನ್ನೇ ಮಾಡ್ತಿದಾರೆ!

ಮೂರನೆಯದು ಭಾಷೆ. ಹನ್ನೆರಡು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಡಿಗ್ರಿಯಲ್ಲಿ ಎಲ್ಲ ಇಂಗ್ಲಿಷ್. ಇದು ವೈಕಲ್ಯ ಅಲ್ಲ, ಆದ್ರೂ ಬಾಯಿ ಕಟ್ಟಿಹಾಕುತ್ತೆ. ಡಿಪ್ರಿಸಿಯೇಶನ್ ಅಂತ ಬೋರ್ಡ್ ಮೇಲೆ ಬರೆದ ಕೂಡಲೇ ಪಕ್ಕದಲ್ಲಿ ಸವಕಳಿ ಅಂತ ಬರೀತೀನಿ. "ನಿಮ್ಮಪ್ಪ ಹೊಸ ಬೈಕ್ ತಗೊಂಡ್ರು, ಐದು ವರ್ಷ ಬಿಟ್ಟು ಮಾರಿದ್ರೆ ಅದೇ ರೇಟು ಬರುತ್ತಾ?" ಅಂತ ಕೇಳಿದ್ರೆ ಹಿಂದಿನ ಬೆಂಚಿನಿಂದಲೇ ಉತ್ತರ ಬರುತ್ತೆ.

ನಾಲ್ಕನೆಯದು ಚಿಕ್ಕದು: ಬೋರ್ಡ್ ಕಡೆ ತಿರುಗಿಕೊಂಡು ಮಾತಾಡಲ್ಲ. ಕಿವಿ ಸರಿಯಾಗಿ ಕೇಳಿಸದವರು ತುಟಿ ನೋಡಿ ಅರ್ಥ ಮಾಡಿಕೊಳ್ತಾರೆ ಅಂತ ನನಗೆ ಹೊಳೆದೇ ಇರಲಿಲ್ಲ.

ಐದನೆಯದಕ್ಕೆ ಸ್ಟಾಫ್ ರೂಮಿನಲ್ಲಿ ಜಗಳವೇ ಆಯಿತು. ಆಂತರಿಕ ಅಂಕದ ಒಂದು ಅಸೈನ್‌ಮೆಂಟನ್ನು ಬರೆದಾದರೂ ಕೊಡಿ, ನನ್ನೆದುರು ಕೂತು ಐದು ನಿಮಿಷ ಬಾಯಲ್ಲಾದರೂ ಹೇಳಿ ಅಂದೆ. "ಇದು ರಿಯಾಯಿತಿ ಅಲ್ವೇನ್ರೀ?" ಅಂತ ಹಿರಿಯರೊಬ್ಬರು ಕೇಳಿದರು. ಅಲ್ಲ ಸರ್, ಪ್ರಶ್ನೆ ಅದೇ, ಅಂಕ ಕೊಡೋ ಅಳತೆಯೂ ಅದೇ. ಬ್ಯಾಲೆನ್ಸ್ ಶೀಟ್ ಎಲ್ಲರಿಗೂ ಬರಲೇಬೇಕು, ಅದರಲ್ಲಿ ವಿನಾಯಿತಿ ಇಲ್ಲ. ಆದ್ರೆ ಲಾಭ ಇದ್ದೂ ಕೈಯಲ್ಲಿ ಕಾಸು ಯಾಕಿಲ್ಲ ಅಂತ ವಿವರಿಸೋಕೆ ಬರುತ್ತಾ ಅಂತ ನೋಡುವಾಗ ಬರವಣಿಗೆಯ ವೇಗವನ್ನು ಯಾಕೆ ಅಳೆಯಬೇಕು? ಅಂದ ಹಾಗೆ, ಬಾಯಲ್ಲಿ ಹೇಳುವಾಗ ಕಾಪಿ ಹೊಡೆಯೋಕೂ ಆಗಲ್ಲ. ಅದನ್ನು ಕೇಳಿದ ಮೇಲೆ ಅವರೂ ಸ್ವಲ್ಪ ಮೆತ್ತಗಾದರು.

ಕಷ್ಟ ಇಲ್ಲವೇ ಅಂದ್ರೆ ಇದೆ. ಮೊದಲ ಸೆಮಿಸ್ಟರ್ ಭಾನುವಾರಗಳೆಲ್ಲ ಟೈಪಿಂಗಿಗೇ ಹೋದವು. ಅದಕ್ಕೆ ಸಂಬಳ ಕೊಡೋರಿಲ್ಲ. ಒಬ್ಬರಿಗೆ ಗುಂಪು ಚರ್ಚೆ ಬೇಕು, ಇನ್ನೊಬ್ಬರಿಗೆ ಅದೇ ಗಲಾಟೆ ತಲೆನೋವು. ವಿಶ್ವವಿದ್ಯಾಲಯದ ಪರೀಕ್ಷೆ ಇನ್ನೂ ಕೂತು ಬರೆಯೋದೇ. ನನ್ನ ಕೈಯಲ್ಲಿರೋದು ಆ ಕೆಲವು ಆಂತರಿಕ ಅಂಕ, ದಿನದ ಆ ಒಂದು ಗಂಟೆ. ಆದ್ರೂ ಕಳೆದ ವರ್ಷ ಬಾಯಲ್ಲಿ ಉತ್ತರ ಹೇಳಲು ಬಂದವರಲ್ಲಿ ಮೂವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

ಆ ಹುಡುಗನಿಗೆ ಫೋನ್ ಮಾಡಿದ್ದೆ. ತಪ್ಪಾಯ್ತು, ಬಾ ಅಂದೆ. "ಪರವಾಗಿಲ್ಲ ಮ್ಯಾಮ್, ಅಂಗಡಿ ನೋಡ್ಕೋತಿದೀನಿ" ಅಂದ. ಬರಲಿಲ್ಲ. ನಾನು ಬದಲಾದದ್ದು ಅವನಿಂದ, ಉಪಯೋಗ ಆಗ್ತಿರೋದು ಬೇರೆಯವರಿಗೆ. ಈ ಲೆಕ್ಕ ಮಾತ್ರ ನನಗೆ ಇನ್ನೂ ತಾಳೆಯಾಗಿಲ್ಲ.

ನಿಮ್ಮಲ್ಲಿ ಕೆಲವರು ಪಾಠ ಮಾಡ್ತೀರಿ, ಇನ್ನು ಕೆಲವರು ಆಫೀಸಿಗೆ ಹೊಸದಾಗಿ ಸೇರಿದವರಿಗೆ ಟ್ರೇನಿಂಗ್ ಕೊಡ್ತೀರಿ. ನಾಳೆ ಸ್ಲೈಡ್ ತೋರಿಸುವ ಮುಂಚೆ ಇಷ್ಟು ಮಾಡಿ ನೋಡಿ: ಹಿಂದಿನ ದಿನವೇ ಅದನ್ನು ಎಲ್ಲರಿಗೂ ಕಳಿಸಿ. ಯಾರಿಗೆ ಬೇಕಿತ್ತು ಅಂತ ಕೇಳೋಕೆ ಹೋಗಬೇಡಿ.

ನಿಮ್ಮ ಕ್ಲಾಸಿನಲ್ಲೂ ಸರದಿ ಬರುವಾಗ ಎದ್ದು ಹೋಗ್ತಿದ್ದವರು ಇದ್ರಾ? ಅಥವಾ ಅದು ನೀವೇನಾ? ಬರೆದು ತಿಳಿಸಿ, ಓದ್ತೀನಿ.